ಊಟದ ಪಂಚನಾಮೆ

ಕೆಂಡದ ಮೇಲೆ ಒಣಕೊಬ್ಬರಿ ಸುಡುವ ವಾಸನೆ ಮೊದಲು ಸಿಹಿಯಾಗಿ ಬರುತ್ತದೆ. ಆಮೇಲೆ ಅದರ ಎಣ್ಣೆ ಕೆಂಡಕ್ಕೆ ತೊಟ್ಟಿಕ್ಕಿ ಚುರ್ ಎನ್ನುತ್ತಿದ್ದಂತೆ ಸ್ವಲ್ಪ ಕಹಿ ಸೇರಿಕೊಳ್ಳುತ್ತದೆ. ಆ ಕಹಿ ಹೆಚ್ಚಾಗುವ ಮುಂಚೆ ನಮ್ಮವ್ವ ಕೊಬ್ಬರಿಯನ್ನು ಬರಿಬೆರಳಿನಿಂದ ಎತ್ತಿ, ಬೂದಿ ಊದಿ, ಒರಳಿಗೆ ಹಾಕುತ್ತಿದ್ದಳು. ರಾಜೇಶ್ವರದ ನಮ್ಮ ಮನೆಯಲ್ಲಿ ಮಟನ್ ಮಾಡುತ್ತಿದ್ದದ್ದೇ ಅಪರೂಪ. ಆದರೆ ಆ ವಾಸನೆ ನಮ್ಮ ಓಣಿಯ ಯಾರ ಮನೆಯಿಂದ ಬಂದರೂ ನಾನು ಪಾಟಿಚೀಲ ಎಲ್ಲಿತ್ತೋ ಅಲ್ಲೇ ಬಿಟ್ಟು ಅವರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆನಂತೆ. ಬಾಗಿಲಿಗೆ ಬಂದು ನಿಂತ ಮಗುವನ್ನು ಯಾರೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಊಟಕ್ಕಾಗಿ ಊರೂರು ಅಲೆಯುವ ನನ್ನ ಚಟ ಅಲ್ಲಿಂದಲೇ ಶುರುವಾಗಿರಬೇಕು.

ಆ ವಾಸನೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಈಗ ನನ್ನ ಬಳಿ ಉಳಿದಿರುವುದು ಅದರ ನೆನಪು ಮಾತ್ರ. ಹೋದ ಮಳೆಗಾಲದಲ್ಲಿ ಬಂದ ಜ್ವರವೊಂದು ಹೋಗುವಾಗ ನನ್ನ ವಾಸನೆ ಹಿಡಿಯುವ ಶಕ್ತಿಯನ್ನೂ ಜೊತೆಗೆ ಒಯ್ದಿತು. ಮೂಗು ಇದ್ದಲ್ಲೇ ಇದೆ, ಕನ್ನಡಕ ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ. ಆದರೆ ಗುಲಾಬಿಯೂ ಒಂದೇ, ಗಟಾರವೂ ಒಂದೇ. ಹಳೆಯ ಗೆಳತಿಯನ್ನು ನೋಡಿ ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಕಲಬುರಗಿಯ ಡಾಕ್ಟರೊಬ್ಬರಿಗೆ ತೋರಿಸಿದೆ. ನರ ಸೊರಗಿದೆ, ಮತ್ತೆ ಬಂದರೂ ಬರಬಹುದು, ಈ ವಯಸ್ಸಿನಲ್ಲಿ ಬಹಳ ಆಸೆ ಇಟ್ಟುಕೊಳ್ಳಬೇಡಿ ಎಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ರುಚಿಯ ಬಹುಪಾಲು ಮೂಗಿನದು, ನಾಲಿಗೆಯದು ಸ್ವಲ್ಪವೇ ಎಂದು ಹಲಗೆಯ ಮೇಲೆ ಚಿತ್ರ ಬರೆದು ಪ್ರತಿವರ್ಷ ಹೇಳುತ್ತಿದ್ದೆ. ನೆಗಡಿಯಾದಾಗ ಊಟ ಸಪ್ಪೆ ಎನಿಸುವುದು ಏಕೆ ಎಂದು ಪರೀಕ್ಷೆಯಲ್ಲಿ ಕೇಳುತ್ತಲೂ ಇದ್ದೆ. ಉತ್ತರ ಗೊತ್ತಿರುವುದರಿಂದ ಊಟಕ್ಕೆ ಏನೂ ರುಚಿ ಹೆಚ್ಚುವುದಿಲ್ಲ ಎಂಬುದು ಮಾತ್ರ ಆಗ ಗೊತ್ತಿರಲಿಲ್ಲ.

ಇದನ್ನು ನನ್ನ ಗಂಡನಿಗೆ ಹೇಳಲಿಲ್ಲ. ಬೈಯುತ್ತಾರೆಂಬ ಭಯದಿಂದಲ್ಲ. ಬೈಯುವ ಗಂಡನಾಗಿದ್ದರೆ ಆವತ್ತೇ ಹೇಳಿಬಿಡುತ್ತಿದ್ದೆ. ನಮ್ಮವರ ಹೆಸರು ಮಚ್ಚೇಂದ್ರ; ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಇವರಿಗೊಂದು ರೋಗವಿದೆ, ಅದಕ್ಕೆ ಯಾವ ಊರಲ್ಲೂ ಔಷಧಿ ಇಲ್ಲ. ನಾನು ಏನನ್ನು ಬಿಡಬೇಕಾಗುತ್ತದೋ ಅದನ್ನು ಇವರೂ ಬಿಟ್ಟುಬಿಡುತ್ತಾರೆ. ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ಇವರೂ ಚಹಾಕ್ಕೆ ಸಕ್ಕರೆ ಬಿಟ್ಟರು. ಸುಮ್ಮನೆ ಬಿಟ್ಟಿದ್ದರೆ ಸರಿ, ಸಕ್ಕರೆ ಇಲ್ಲದ ಚಹಾ ಎಂದರೆ ತನಗೆ ಮೊದಲಿನಿಂದಲೂ ಪ್ರಾಣ ಎಂದರು. ನನ್ನ ಮೊಣಕಾಲು ಕೆಟ್ಟ ಮೇಲೆ ಇವರಿಗೂ ಕೋಟೆಯ ಮೆಟ್ಟಿಲು ಹತ್ತುವುದು ಬೇಸರವಾಯಿತು. ನನ್ನ ಕಣ್ಣಿನ ಪೊರೆ ತೆಗೆದ ವಾರ ಪಕ್ಕದಲ್ಲಿ ಕುಳಿತು ತಾವೂ ಟಿ.ವಿ. ನೋಡಲಿಲ್ಲ. ಇಂಥವರಿಗೆ ನನ್ನ ಮೂಗು ಹೋಯಿತೆಂದು ಹೇಳಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು ಹತ್ತಿ ಊರೂರಿಗೆ ಹೋಗಿ ಉಣ್ಣುವುದು, ಉಂಡಿದ್ದನ್ನು ಮನೆಗೆ ಬಂದು ಮಾಡಿ ನೋಡುವುದು, ಈ ಎರಡೂ ಆವತ್ತಿಗೇ ಮುಗಿಯುತ್ತಿದ್ದವು. ಈ ವಯಸ್ಸಿನಲ್ಲಿ ಇವರಿಗಿರುವ ಸಂತೋಷ ಅದೊಂದೇ. ನನಗಿರುವುದೂ ಅದೊಂದೇ, ಆದರೆ ಇವರ ಸಂತೋಷಕ್ಕಾಗಿಯೇ ಮುಚ್ಚಿಟ್ಟೆ ಎಂದರೆ ಕೇಳಲು ಹೆಚ್ಚು ಚೆನ್ನಾಗಿರುತ್ತದೆ.

ನಮ್ಮಲ್ಲೊಂದು ಆಟವಿದೆ. ಅದಕ್ಕೆ ನಾವು ಪಂಚನಾಮೆ ಎನ್ನುತ್ತೇವೆ. ಹೊರಗೆ ಎಲ್ಲಿ ಉಂಡರೂ ಅಲ್ಲಿ ಅಡುಗೆಯ ಬಗ್ಗೆ ಮಾತಾಡಬಾರದು. ವಾಪಸು ಬಸ್ಸು ಹತ್ತಿದ ಮೇಲೆ ಆ ಅಡುಗೆಯಲ್ಲಿ ಏನೇನು ಬಿದ್ದಿತ್ತೆಂದು ಒಬ್ಬರಾದ ಮೇಲೊಬ್ಬರು ಹೇಳುತ್ತಾ ಹೋಗಬೇಕು. ಹೇಳಲಾಗದೆ ನಿಂತವರು ಸೋತಂತೆ. ಸೋತವರು ಬರುವ ಭಾನುವಾರ ಮಸಾಲೆ ಅರೆಯಬೇಕು, ಗೆದ್ದವರು ಅದೇ ಅಡುಗೆಯನ್ನು ಮನೆಯಲ್ಲಿ ಮಾಡಬೇಕು. ಕಂಡಕ್ಟರುಗಳೆಲ್ಲ ಇವರ ಗುರುತಿನವರೇ. ಟಿಕೆಟ್ ಕೊಡುತ್ತಾ ನಮ್ಮ ಸೀಟಿನ ಬಳಿ ನಿಂತು, ಜೀರಿಗೆ ಬಿಟ್ಟಿರಿ ನೋಡಿ ಎಂದು ತಾವೂ ಒಂದು ಸಾಕ್ಷಿ ಹೇಳಿ ಮುಂದೆ ಹೋಗುತ್ತಾರೆ. ಹೆಂಗಸರಿಗೆ ಟಿಕೆಟ್ ಇಲ್ಲವೆಂದು ಆದ ಮೇಲೆ ನನಗೆ ಇನ್ನಷ್ಟು ಧೈರ್ಯ ಬಂದಿದೆ. ಜೀವಮಾನವಿಡೀ ಬಸ್ಸುಗಳನ್ನು ಬಿಡಿಸಿದವರು ಟಿಕೆಟ್ ತೆಗೆಸುತ್ತಾರೆ, ಅವರ ಜೊತೆ ಬರೀ ತಿನ್ನಲು ಹೊರಟ ನಾನು ಆಧಾರ್ ಕಾರ್ಡ್ ತೋರಿಸಿ ಕಿಟಕಿಯ ಪಕ್ಕ ಕೂರುತ್ತೇನೆ.

ಪಂಚನಾಮೆಯಲ್ಲಿ ಮೊದಲೆಲ್ಲ ನಾನೇ ಗೆಲ್ಲುತ್ತಿದ್ದೆ. ಮೂಗು ಹೋದ ಮೇಲೂ ಗೆಲ್ಲುತ್ತಲೇ ಇದ್ದೆ. ಹೇಗೆಂದರೆ, ಕಳ್ಳತನದಿಂದ. ಕೈ ತೊಳೆಯುವ ನೆಪದಲ್ಲಿ ಖಾನಾವಳಿಯ ಹಿಂದಕ್ಕೆ ಹೋಗಿ ಅಡುಗೆಮನೆಗೆ ಇಣುಕುವುದು, ಮೊಮ್ಮಗಳ ಮದುವೆಗೆ ಬೇಕಾಗಿತ್ತು ಎಂದು ಅಡುಗೆಯವರನ್ನು ವಿಚಾರಿಸುವುದು. ನನಗೆ ಮೊಮ್ಮಗಳೇ ಇಲ್ಲ. ಮನ್ನಾಏಖೇಳ್ಳಿಯಲ್ಲಿ ಒಮ್ಮೆ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಬೇಳೆಗೆ ಮಾಂಸ ಹಾಕಿ ಬೇಯಿಸಿದ ದಾಲ್ಚಾ ಉಂಡೆವು. ಹಿಂದೆ ಹೋಗಿ ನೋಡಿದರೆ ಒಂದು ಬಟ್ಟಲ ತುಂಬ ಕಲೊಂಜಿ, ಅಂದರೆ ಕರಿಜೀರಿಗೆ, ಕಂಡಿತು. ಬಸ್ಸಿನಲ್ಲಿ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚಾಚಿ, ದೊಡ್ಡ ಗವಾಯಿಗಳು ಸ್ವರ ಹಿಡಿಯುವಂತೆ ಕುಳಿತು, ಕೊನೆಗೆ ಕಲೊಂಜಿ ಎಂದೆ. ನಮ್ಮವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ, ಬರೋಬರಿ ಹೇಳಿದಿ ಎಂದರು. ಭಾನುವಾರ ಅವರೇ ಮಸಾಲೆ ಅರೆದರು. ಆ ಕಲೊಂಜಿ ನಾನ್ ರೊಟ್ಟಿಯ ಮೇಲೆ ಉದುರಿಸುವುದಕ್ಕೆ ಇಟ್ಟದ್ದು ಎಂದು ಹೊಳೆದದ್ದು ನನಗೆ ಬಹಳ ದಿನಗಳ ಮೇಲೆ.

ಮನೆಯಲ್ಲಿ ಕಣ್ಣು ಕಿವಿ ನಂಬಿ ಅಡುಗೆ ಮಾಡುತ್ತಿದ್ದೆ. ಸಾಸಿವೆ ಸಿಡಿದದ್ದು ಕೇಳಿಸುತ್ತದೆ, ಉಳ್ಳಾಗಡ್ಡಿ ಕೆಂಪಾದದ್ದು ಕಾಣುತ್ತದೆ. ತಳ ಹಿಡಿದದ್ದು ಮಾತ್ರ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಒಂದು ದಿನ ಒಲೆಯ ಮೇಲೆ ಬೇಳೆ ಇಟ್ಟು ಪಕ್ಕದ ಕೋಣೆಯಲ್ಲೇ ಪೇಪರ್ ಓದುತ್ತಿದ್ದೆ. ಇವರು ಅಂಗಳದಿಂದ ಓಡಿಬಂದು ಒಲೆ ಆರಿಸಿ, ಕಿಟಕಿ ತೆಗೆದು, ಇವತ್ತಿನ ಪೇಪರಿನಲ್ಲಿ ಏನಾದರೂ ವಿಶೇಷ ಉಂಟೇನು ಎಂದು ಕೇಳಿದರು. ನಾನು ಎದ್ದು ಬಂದು ಕರಿ ಹಿಡಿದ ಪಾತ್ರೆ ನೋಡಿದೆ. ಬೇಕೆಂದೇ ಸ್ವಲ್ಪ ಸುಟ್ಟೆ, ಉದಗೀರ ಕಡೆ ಬೇಳೆಗೆ ಹೊಗೆ ಹತ್ತಿಸುವ ಪದ್ಧತಿ ಇದೆ ಎಂದೆ. ಇವರು ಹೂಂ ಎಂದು ಆ ಬೇಳೆಯನ್ನು ಎರಡನೇ ಸಲ ಬಡಿಸಿಕೊಂಡು ಉಂಡರು. ಪಾತ್ರೆಯನ್ನೂ ಅವರೇ ತಿಕ್ಕಿದರು. ಆ ವಾರವೇ ಗ್ಯಾಸಿನ ಪೈಪು ಹೊಸದು ಹಾಕಿಸಿ, ಅಡುಗೆಯಾದ ಮೇಲೆ ಸಿಲಿಂಡರನ್ನು ದಿನಾ ತಾವೇ ಬಂದ್ ಮಾಡತೊಡಗಿದರು. ನಿವೃತ್ತಿಯಾದ ಮೇಲೆ ಗಂಡಸರಿಗೆ ಜಿಪುಣತನ ಹೆಚ್ಚುತ್ತದೆ ಎಂದು ನಾನು ತಿಳಿದುಕೊಂಡೆ. ಇಷ್ಟು ವಿಜ್ಞಾನ ಓದಿದವಳ ಬುದ್ಧಿ ಇದು.

ಹೀಗೆ ನಾಟಕ ಚೆನ್ನಾಗಿಯೇ ನಡೆದಿತ್ತು. ಕೆಟ್ಟದ್ದು ಹುಮನಾಬಾದಿನಲ್ಲಿ.

ಹುಮನಾಬಾದಿನಲ್ಲಿ ನಬೀಸಾಬರ ಮನೆಯಿದೆ. ಅವರು ಬಸ್ ಡ್ರೈವರ್ ಆಗಿದ್ದವರು, ನಮ್ಮವರ ಹಳೆಯ ದೋಸ್ತ. ಅವರ ಹೆಂಡತಿ ಬೀಬಿಜಾನ ನನ್ನ ಹಳೆಯ ಪ್ರತಿಸ್ಪರ್ಧಿ. ವಯಸ್ಸಿನಲ್ಲಿದ್ದಾಗ ನಾವಿಬ್ಬರೂ ಒಂದು ವಿಷಯಕ್ಕೆ ಬಹಳ ಜಗಳಾಡಿದ್ದೇವೆ. ರುಚಿ ಇರುವುದು ಮಸಾಲೆಯಲ್ಲಿ ಎಂದು ನಾನು, ಮಾಡುವ ಕೈಯಲ್ಲಿ ಎಂದು ಅವಳು. ಕೇಳಿ ಕೇಳಿ ಬೇಸತ್ತ ನಬೀಸಾಬರು ಒಂದು ಕಾಯ್ದೆ ಮಾಡಿದರು. ಒಂದು ಚಳಿಗಾಲ ನಾವು ಅವರ ಮನೆಗೆ, ಮುಂದಿನ ಚಳಿಗಾಲ ಅವರು ನಮ್ಮ ಮನೆಗೆ. ಹೋಗುವವರು ಅರೆದ ಮಸಾಲೆ ಒಯ್ಯಬೇಕು, ಮನೆಯವರು ಅಡುಗೆ ಮಾಡಬೇಕು. ತಂದ ಮಸಾಲೆ ಪೂರ್ತಿ ಬೀಳಬೇಕು, ಮನೆಯ ಮಸಾಲೆ ಒಂದು ಚಿಟಿಕೆಯೂ ಸೇರಕೂಡದು. ಅಡುಗೆ ಚೆನ್ನಾದರೆ ಇಬ್ಬರಿಗೂ ಹೆಸರು, ಕೆಟ್ಟರೆ ಇಬ್ಬರಿಗೂ ಬೈಗಳು. ಅಂದಿನಿಂದ ಈ ಕಾಯ್ದೆಯನ್ನು ಯಾರೂ ಮುರಿದಿರಲಿಲ್ಲ. ಬೀಬಿಜಾನಳಂತೂ ಅದರಲ್ಲಿ ಬಹಳ ಕಟ್ಟುನಿಟ್ಟು. ಒಮ್ಮೆ ನಾನು ಉಪ್ಪು ಕಡಿಮೆ ಹಾಕಿದ್ದಾಗ ಉಪ್ಪೂ ಸೇರಿಸದೆ ಬಡಿಸಿದವಳು ಅವಳು.

ಈ ಚಳಿಗಾಲ ಹೋಗುವ ಸರದಿ ನಮ್ಮದಾಗಿತ್ತು. ಇವರು ಕ್ಷೌರಕ್ಕೆ ಹೋಗಿದ್ದ ಹೊತ್ತಿನಲ್ಲಿ ನಾನು ಮಸಾಲೆ ಮಾಡಿದೆ. ಡಬ್ಬದ ತಳದಲ್ಲಿ ಕೊಬ್ಬರಿ ಬಟ್ಟಲುಗಳಿದ್ದವು. ಬಿಳಿ ಬಿಳಿಯಾಗಿ ಚೆನ್ನಾಗಿಯೇ ಕಂಡವು. ಬಣ್ಣ ನೋಡಿ ಹುರಿದೆ, ನುಣ್ಣಗೆ ಅರೆದೆ, ಸ್ಟೀಲಿನ ಡಬ್ಬಿಗೆ ಒತ್ತಿ ತುಂಬಿ, ಮುಚ್ಚಳ ಬಿಗಿದು ಬಟ್ಟೆ ಕಟ್ಟಿದೆ. ಮೂಗಿಲ್ಲದಿದ್ದರೂ ನನ್ನ ಕೈ ತಪ್ಪುವುದಿಲ್ಲ ಎಂದು ಕನ್ನಡಿಯ ಮುಂದೆ ನಿಂತು ನನಗೆ ನಾನೇ ಹೇಳಿಕೊಂಡೆ.

ಬಸ್ಸು ಸಸ್ತಾಪುರ ಬಂಗ್ಲಾ ದಾಟುತ್ತಿದ್ದಂತೆ ಇವರು ನನ್ನ ಮೇಲಿಂದ ಕೈ ಚಾಚಿ ಕಿಟಕಿಯ ಗಾಜು ಸರಿಸಿದರು. ಚಳಿಗಾಳಿ ಕಿವಿಗೆ ಹೊಡೆಯಿತು.

"ಡೀಸಲ್ ವಾಸನಿ ಬರಾಕತ್ತದ ಅಲ್ಲ?" ಎಂದರು.

"ಹೌದ್ರಿ, ಬಾಳ ಬರಾಕತ್ತದ. ತಲಿ ಹಿಡ್ಯಾಕತ್ತದ ನನಗ" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಇವರು ಆಮೇಲೆ ನನ್ನ ತೊಡೆಯ ಮೇಲಿದ್ದ ಚೀಲವನ್ನು ತಮ್ಮ ಕಾಲ ಬಳಿ ಇಟ್ಟುಕೊಂಡರು. ಭಾರವಾಗುತ್ತದೆಂದು ಇಟ್ಟುಕೊಂಡರು ಎಂದೇ ನಾನು ತಿಳಿದೆ. ನಾನು ಹುಟ್ಟಿದ ಊರು ರಾಜೇಶ್ವರ ಬಂದು ಹೋಯಿತು. ಪ್ರತಿಸಲ ಅಲ್ಲಿ ಏನಾದರೂ ಒಂದು ಚೇಷ್ಟೆಯ ಮಾತಾಡುವವರು ಈ ಸಲ ಚೀಲವನ್ನೇ ನೋಡುತ್ತಿದ್ದರು.

ಹುಮನಾಬಾದಿನಲ್ಲಿ ಇಳಿದ ಮೇಲೆ ಚೀಲ ಹಿಡಿದು ನನಗಿಂತ ಮುಂದೆ ಮುಂದೆ ನಡೆದರು. ನಾನು ಮೊಣಕಾಲು ಎಳೆದುಕೊಂಡು ಮನೆ ಮುಟ್ಟುವಷ್ಟರಲ್ಲಿ ಡಬ್ಬಿ ಅಡುಗೆಮನೆ ಸೇರಿತ್ತು. ಬಾಗಿಲಲ್ಲಿ ನಬೀಸಾಬರು ನಿಂತಿದ್ದರು. ಬರ್ರಿ ಭಾಬಿ, ಮೊದಲ ನಮ್ಮ ನಿಂಬಿ ಗಿಡ ನೋಡ್ರಿ ಎಂದು ನನ್ನನ್ನು ನೇರ ಮಾಳಿಗೆಯ ಮೇಲಕ್ಕೆ ಕರೆದೊಯ್ದರು. ಕುಂಡದಲ್ಲಿ ಮೊಣಕಾಲೆತ್ತರದ ಒಂದು ಗಿಡ. ಅದರ ಒಂದೊಂದು ಎಲೆಯನ್ನೂ ಮಗ್ಗುಲು ತಿರುಗಿಸಿ ತೋರಿಸಿದರು. ಎಲ್ಲಿಂದ ತಂದದ್ದು, ಯಾವ ಗೊಬ್ಬರ, ಯಾವಾಗ ನೀರು. ಈ ಮನುಷ್ಯನಿಗೆ ಗಿಡಗಳ ಮೇಲೆ ಇಷ್ಟು ಪ್ರೀತಿ ಯಾವಾಗ ಹುಟ್ಟಿತು ಎಂದು ಆಶ್ಚರ್ಯವಾಯಿತು. ಕೆಳಗಿನಿಂದ ಒರಳಿನ ಸದ್ದು ಬರುತ್ತಿತ್ತು. ಚಟ್ನಿ ಕುಟ್ಟುತ್ತಿರಬೇಕು ಎಂದುಕೊಂಡೆ.

ಊಟಕ್ಕೆ ಕುಳಿತಾಗ ಮಟನ್ ಸಾರಿನ ಬಣ್ಣ ನೋಡಿಯೇ ನನ್ನ ಎದೆ ಉಬ್ಬಿತು. ಮೇಲೆ ಎಣ್ಣೆ ತೆಳ್ಳಗೆ ತೇಲುತ್ತಿತ್ತು. ಉಪ್ಪು, ಖಾರ, ಹುಣಸೆ ಮೂರೂ ನಾಲಿಗೆಗೆ ಹತ್ತಿದವು. ಉಳಿದದ್ದನ್ನು ನಾನು ಕಲ್ಪಿಸಿಕೊಂಡೆ.

"ಆಪಾ, ಈ ಸಲದ ಮಸಾಲಿ ಬಾಳ ಛಲೋ ಕೂಡೇದ ನೋಡ್ರಿ" ಎಂದಳು ಬೀಬಿಜಾನ, ಬಡಿಸುತ್ತಾ.

ಇಷ್ಟು ವರ್ಷಗಳಲ್ಲಿ ಅವಳು ನನ್ನ ಮಸಾಲೆಯನ್ನು ನೇರವಾಗಿ ಹೊಗಳಿದ್ದು ಅದೇ ಮೊದಲು. ಅನುಮಾನ ಬರಬೇಕಿತ್ತು. ಬರಲಿಲ್ಲ. ಬದಲಿಗೆ ನಾನು ಕೊಬ್ಬರಿಯನ್ನು ಹೇಗೆ ಹುರಿಯಬೇಕು, ಯಾವ ಬಣ್ಣ ಬಂದಾಗ ಇಳಿಸಬೇಕು ಎಂದು ಸಣ್ಣದೊಂದು ಪಾಠವನ್ನೇ ಮಾಡಿದೆ. ಅವಳು ಹೌದ್ರಿ, ಹೌದ್ರಿ ಎಂದು ಪೂರ್ತಿ ಕೇಳಿದಳು. ನಬೀಸಾಬರು ತಲೆ ಬಗ್ಗಿಸಿ ಎಲುಬು ಚೀಪುತ್ತಿದ್ದರು. ನಮ್ಮವರು ನೀರು ಕುಡಿಯುತ್ತಿದ್ದರು, ಬಹಳ ನೀರು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಬೂದಿಗುಂಡಿಯ ಪಕ್ಕದಲ್ಲಿ ನನ್ನ ಮಸಾಲೆ ಬಿದ್ದಿತ್ತು. ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ನಾನು ಒತ್ತಿ ತುಂಬಿದ್ದರಿಂದ ಡಬ್ಬಿಯ ಆಕಾರದಲ್ಲೇ, ಮಕ್ಕಳು ಉಸುಕಿನಲ್ಲಿ ಬಟ್ಟಲು ಕವಿಚಿ ಮಾಡುತ್ತಾರಲ್ಲ ಹಾಗೆ, ದುಂಡಗೆ ಕುಳಿತಿತ್ತು. ಸುತ್ತ ಕೋಳಿಗಳಿದ್ದವು. ಒಂದು ಹತ್ತಿರ ಬಂದು, ಕತ್ತು ಓರೆ ಮಾಡಿ ನೋಡಿ, ಬೇರೆ ಕಡೆ ನಡೆಯಿತು. ಕೊಬ್ಬರಿ ಕಮಟು ಹಿಡಿದಿತ್ತು ಎಂದು ತಿಳಿಯಲು ಆಗ ನನಗೆ ಮೂಗು ಬೇಕಾಗಲಿಲ್ಲ. ಬೀಬಿಜಾನ ನಬೀಸಾಬರ ಕಾಯ್ದೆಯನ್ನು ಮುರಿದು, ನಿಂತ ಕಾಲಲ್ಲಿ ಹೊಸ ಮಸಾಲೆ ಅರೆದು, ಅದಕ್ಕೆ ನನ್ನ ಹೆಸರಿಟ್ಟು ಬಡಿಸಿದ್ದಳು. ಆಮೇಲೆ ಅದರ ಬಗ್ಗೆ ನನ್ನಿಂದಲೇ ಪಾಠವನ್ನೂ ಕೇಳಿದ್ದಳು.

ಒಳಗೆ ಬಂದು ಅಡಿಕೆ ಹಾಕಿಕೊಂಡೆ. ಸಂಜೆಯ ಬಸ್ಸಿನಲ್ಲಿ ಪಂಚನಾಮೆಗೆ ಯಾರೂ ಬಾಯಿ ತೆಗೆಯಲಿಲ್ಲ. ಕಂಡಕ್ಟರ್ ಬಂದು, ಏನು ಸಾಹೇಬ್ರ ಇವತ್ತು ಉಪವಾಸ ಏನು ಎಂದು ಛೇಡಿಸಿ ಹೋದ. ರಾಜೇಶ್ವರದ ಸ್ಟಾಪು ಬಂದಾಗ ನಾನೇ ಹೇಳಿದೆ.

"ನನಗ ವಾಸನಿ ಬರಂಗಿಲ್ರಿ. ಮಳಿಗಾಲದಿಂದ."

"ಮಾಲೂಮ್ ಅದ" ಎಂದರು.

"ಯಾವಾಗಿಂದ?"

"ನೀ ದಾಲ್ಚಾದಾಗ ಕಲೊಂಜಿ ಹಾಕಿದಿ ನೋಡು, ಆವತ್ತಿಂದ. ಇವತ್ತು ಬೆಳಿಗ್ಗೆ ಡೀಸಲ್ ಅಂದೆ, ನೀ ಭಿ ಹೌದಂದಿ. ಡೀಸಲ್ ಇರಲಿಲ್ಲ. ಅದು ನಿನ್ನ ಡಬ್ಬಿ."

ನಗು ಬಂದುಬಿಟ್ಟಿತು, ಕಣ್ಣಲ್ಲಿ ನೀರೂ ಬಂತು. ಇಷ್ಟು ದಿನ ನಾನು ಇವರಿಂದ ಮುಚ್ಚಿಡುತ್ತಿದ್ದೆ, ಇವರು ನಾನು ಮುಚ್ಚಿಡುತ್ತಿದ್ದೇನೆಂಬುದು ನನಗೆ ಗೊತ್ತಾಗದಂತೆ ಕಾಯುತ್ತಿದ್ದರು. ಸಿಲಿಂಡರಿನ ವಿಷಯವೂ ಆಗ ಹೊಳೆಯಿತು. ಎದೆ ಹಗುರಾಯಿತು ಎನ್ನುವಷ್ಟರಲ್ಲಿ ಇವರು ನಾನು ಹೆದರಿದ್ದ ಮಾತನ್ನೇ ಆಡಿದರು.

"ಸಾಕು ಬಿಡು ಇನ್ನ ಈ ಊರೂರು ತಿರಗೋದು. ನನಗ ಭಿ ಬ್ಯಾಸರ ಬಂದದ. ಹೊರಗಿನ ಊಟ ಈಗ ಹಿಡಸಂಗಿಲ್ಲ ನನಗ."

ಸಕ್ಕರೆ ಇಲ್ಲದ ಚಹಾದ ಬಗ್ಗೆ ಹೇಳಿದಾಗಿನ ದನಿಯೇ ಅದು.

ಮರುದಿನದಿಂದ ನಮ್ಮ ಮನೆಯಲ್ಲಿ ಕಿಚಡಿಯ ರಾಜ್ಯ ಶುರುವಾಯಿತು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಕಿಚಡಿ, ರಾತ್ರಿ ಮಧ್ಯಾಹ್ನದ ಕಿಚಡಿ. ಭಾನುವಾರ ಬಂತು, ಒರಳು ಮಗ್ಗುಲಾಗಿಯೇ ಬಿದ್ದಿತ್ತು. ಮಟನ್ ತರುತ್ತೀರಾ ಎಂದರೆ ಹೊಟ್ಟೆ ಭಾರ ಎಂದರು. ಚಿಟಗುಪ್ಪದ ಸಂತೆಗೆ ಹೋಗೋಣವೇ ಎಂದರೆ ಬಿಸಿಲು ಎಂದರು. ಪುಷ್ಯ ಮಾಸದಲ್ಲಿ ಯಾವ ಬಿಸಿಲು? ಬಸ್ಸುಗಳ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು, ಹುಮನಾಬಾದಿನ ಗಾಡಿಯ ಹಾರ್ನು ದೂರದಿಂದ ಕೇಳಿದರೆ ಒಳಗೆ ಬರುತ್ತಿದ್ದರು. ತ್ಯಾಗ ಮಾಡುವವರ ಜೊತೆ ಬಾಳುವುದು ಸುಲಭವಲ್ಲ. ಅವರು ಬಿಟ್ಟದ್ದಕ್ಕೆಲ್ಲ ನಾವೇ ಕಾರಣ ಎಂಬುದು ತಾಟಿನಲ್ಲಿ ದಿನಕ್ಕೆರಡು ಸಲ ಕಣ್ಣಿಗೆ ಬೀಳುತ್ತದೆ, ಅದೂ ತುಪ್ಪವಿಲ್ಲದೆ.

ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಒಳ್ಳೆಯ ಸೀರೆ ಉಟ್ಟು, ಆಧಾರ್ ಕಾರ್ಡ್ ಪರ್ಸಿಗೆ ಹಾಕಿಕೊಂಡು ಬಾಗಿಲಿಗೆ ಬಂದೆ.

"ಎಲ್ಲಿಗ ಹೊಂಟಿ?"

"ಊಟಕ್ಕ."

"ಒಬ್ಬಾಕಿನೇ?"

"ಒಬ್ಬಾಕಿನೇ. ಕೇಳ್ರಿ ಇಲ್ಲಿ. ಸತ್ತದ್ದು ನನ್ನ ಮೂಗು, ನಾಲಿಗಿ ಅಲ್ಲ. ಉಪ್ಪು ಹತ್ತತದ, ಹುಳಿ ಹತ್ತತದ, ಕಹಿ ಹತ್ತತದ, ಖಾರ ಅಂತೂ ನೆತ್ತಿಗೇರತದ. ಹಲ್ಲಿಗೆ ಕಟಂ ಅನ್ನೋದು ಕೇಳಸತದ. ಇಷ್ಟು ಇದ್ದಾಕಿನ್ನ ನೀವು ಕಿಚಡಿ ಹಾಕಿ ಮಣ್ಣು ಮಾಡಾಕತ್ತೀರಿ. ನಿಮ್ಮ ಮೂಗು ಛಲೋ ಅದಲ್ಲ, ಅದನ್ಯಾಕ ಗಿರವಿ ಇಟ್ಟೀರಿ?"

ನಾನು ತರಗತಿಯಲ್ಲೂ ಅಷ್ಟು ಗಟ್ಟಿಯಾಗಿ ಮಾತಾಡಿದವಳಲ್ಲ. ಪಕ್ಕದ ಮನೆಯ ಪೂನಂ ಬಟ್ಟೆ ಒಣಗಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನಾನು ರಾಣಿಯಂತೆ ನಡೆದು ಹೋದೆ. ಮೊಣಕಾಲಿನಿಂದಾಗಿ ಸ್ವಲ್ಪ ಕುಂಟುವ ರಾಣಿ.

ಹುಮನಾಬಾದಿನ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿಯ ಗಾಡಿಯಿದೆ. ಒಂದು ತಾಟು ತೆಗೆದುಕೊಂಡು ಬೆಂಚಿನ ಮೇಲೆ ಕುಳಿತೆ. ಬಿಸಿ ಇತ್ತು, ಗರಿಗರಿ ಇತ್ತು, ಖಾರಕ್ಕೆ ಕಿವಿ ಬೆಚ್ಚಗಾಯಿತು. ನಾನು ಬಾಗಿಲಲ್ಲಿ ಹೇಳಿದ್ದೆಲ್ಲ ನಿಜವೇ ಆಗಿತ್ತು. ಆದರೆ ಎರಡನೇ ಭಜಿಗೇ ಬೇಸರವಾಯಿತು. ಕಡಲೆಹಿಟ್ಟಿನಲ್ಲಿ ಓಮ ಇದೆಯೋ ಇಲ್ಲವೋ ಎಂದು ವಾದಿಸಲು ಯಾರೂ ಇರಲಿಲ್ಲ. ಸುಳ್ಳು ಹೇಳಿ ಗೆಲ್ಲಲು ಕೂಡ ಎದುರಿಗೊಬ್ಬರು ಬೇಕು. ಉಳಿದದ್ದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬೀಬಿಜಾನಳ ಮನೆಗೆ ನಡೆದೆ. ಅವಳಿಗೆ ನಾನು ಹೇಳಬೇಕಾದ ಮಾತೊಂದು ಬಾಕಿಯಿತ್ತು.

ಅವಳು ಅಕ್ಕಿ ಆರಿಸುತ್ತಿದ್ದಳು. ಮಸಾಲೆಯ ವಿಷಯ ನಾನು ಎತ್ತುವ ಮೊದಲೇ ಅವಳೇ ಎತ್ತಿದಳು.

"ಸಿಟ್ಟಾಗಬ್ಯಾಡ್ರಿ ಆಪಾ, ನಮ್ಮ ಕೋಳಿಗೋಳಿಗ ಭಿ ಅದು ಬ್ಯಾಡಾತು."

"ನೋಡಿದೆ ನಾ. ಒಂದು ಕೋಳಿ ನನಗ ಮಾರಿ ತಿರಿವಿ ಹೋತು."

ಇಬ್ಬರೂ ನಕ್ಕೆವು. ಅಕ್ಕಿಯ ಮೊರ ಅವಳ ತೊಡೆಯಿಂದ 
ಜಾರಿತು. ಕಾಯ್ದೆ ಮುರಿದದ್ದಕ್ಕೆ ಅವಳು ಕ್ಷಮೆ ಕೇಳಿದಳು, ಮುರಿದದ್ದಕ್ಕೆ ನಾನು ಕೃತಜ್ಞತೆ ಹೇಳಿದೆ. ಆಮೇಲೆ ಕಿಚಡಿಯ ಕಥೆಯೆಲ್ಲ ಹೇಳಿ, ಈ ಮನುಷ್ಯ ನನಗಾಗಿ ಎಲ್ಲ ಬಿಟ್ಟು ಕುಳಿತಿದ್ದಾರೆ, ಹೇಗೆ ಎಬ್ಬಿಸಲಿ ಎಂದೆ. ನಬೀಸಾಬರು ಪಡಸಾಲೆಯಲ್ಲಿ ಮಲಗಿದ್ದರು. ಇಷ್ಟು ವರ್ಷ ಬಸ್ಸಿನ ಎಂಜಿನ್ ಪಕ್ಕ ಕುಳಿತು ಅವರ ಕಿವಿ ಮಂದವಾಗಿದೆ. ಬೀಬಿಜಾನ ಅತ್ತ ಕಣ್ಣು ತೋರಿಸಿದಳು.

"ಅವರಿಗಿ ಕಿವಿ ಹೋತಂತ ನಾ ಬೈಯೋದು ಬಿಟ್ಟೀನೇನ್ರಿ? ಜೋರ ಬೈತೀನಿ, ಅಷ್ಟ."

ಸಂಜೆ ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಕಂಡಕ್ಟರ್ ಇವರೆಲ್ಲಿ ಎಂದು ಕೇಳದೆ ಅಲ್ಲಿ ತನ್ನ ಚೀಲ ಇಟ್ಟು, ಬೇರೆ ಯಾರೂ ಕೂರದಂತೆ ಮಾಡಿ ಹೋದ. ನಾನು ದಾರಿಯುದ್ದಕ್ಕೂ ಜೋರಾಗಿ ಬೈಯುವ ಮಾತುಗಳನ್ನು ಜೋಡಿಸಿಕೊಂಡೆ. ಪ್ರಾಣಿಗಳ ಐದು ಇಂದ್ರಿಯಗಳಿಂದ ಶುರುಮಾಡುವುದೆಂದು ನಿಶ್ಚಯಿಸಿದೆ.

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡುತ್ತಲೇ ಕಣ್ಣು ಉರಿದು ಕೆಮ್ಮು ಬಂತು. ಹಸಿಮೆಣಸಿನಕಾಯಿ ಹುರಿಯುವಾಗ ಬರುವ ಘಾಟು, ಅದಕ್ಕೆ ಮೂಗಿನ ಅಪ್ಪಣೆ ಬೇಕಿಲ್ಲ. ಅಡುಗೆಮನೆಯಲ್ಲಿ ಏನನ್ನೋ ಕುಟ್ಟುವ ಸದ್ದು ನಿಂತಿತು. ಇವರು ಹೊರಗೆ ಬಂದರು. ಮೈಯೆಲ್ಲ ಜೋಳದ ಹಿಟ್ಟು, ಕಣ್ಣಲ್ಲಿ ನೀರು, ಮೂಗಿನ ಎರಡೂ ಹೊಳ್ಳೆಗಳಲ್ಲಿ ಹತ್ತಿಯ ಉಂಡೆ. ಉಸಿರು ಬಾಯಿಂದ ಆಡುತ್ತಿತ್ತು. ನಾನು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಈ ಸನ್ನಿವೇಶಕ್ಕೆ ಹೊಂದುವುದು ಒಂದೂ ಇರಲಿಲ್ಲ.

"ಇದೇನ್ರಿ ಇದು?"

"ನಿನಗ ಏನ್ ಸಿಗತದ, ಏನ್ ಸಿಗಂಗಿಲ್ಲ, ನೋಡಾಕತ್ತಿದ್ದೆ" ಎಂದರು. ಹತ್ತಿಯಿಂದಾಗಿ ದನಿ ಗೂಡಿನೊಳಗಿಂದ ಬಂದಂತಿತ್ತು. "ಬೆಳಿಗ್ಗಿಂದ ಹಿಂಗ ಮಾಡಾಕತ್ತೀನಿ. ಬಾಳ ಬಿಟ್ಟೆ, ಸ್ವಲ್ಪ ಇಟಗೊಂಡೆ."

ಅಡುಗೆಮನೆಯಲ್ಲಿ ಇಣುಕಿದೆ. ಬಿಟ್ಟದ್ದೆಲ್ಲ ಒಂದು ಕಡೆ ಬಟ್ಟಲುಗಳಲ್ಲಿ ಸಾಲಾಗಿತ್ತು, ಅರೆಬರೆ ಅಡುಗೆಗಳು, ಒಂದೊಂದು ತುತ್ತು ರುಚಿ ನೋಡಿ ಸರಿಸಿದವು. ಜಿಪುಣರೆಂದು ನಾನು ತಿಳಿದಿದ್ದ ಮನುಷ್ಯ ಮನೆಯ ಅರ್ಧ ದಿನಸಿ ಮುಗಿಸಿದ್ದರು. ಬೈಯಬೇಕಿತ್ತು. ಹತ್ತಿರ ಹೋಗಿ ಮೊದಲು ಒಂದು ಹೊಳ್ಳೆಯ ಹತ್ತಿ, ಆಮೇಲೆ ಇನ್ನೊಂದರದು ಎಳೆದು ತೆಗೆದೆ.

"ಮನ್ಯಾಗ ಒಂದು ಮೂಗರ ಇರಲಿ. ನನ್ನ ಬಾಯಾಗ ಏನು ಬಿದ್ದದ ಅಂತ ಬಸ್ಸಿನಾಗ ನನಗ ಹೇಳೋರು ಯಾರು?"

ಇವರು ಮೂಗು ಉಜ್ಜಿಕೊಂಡರು. ಬಹಳ ದಿನ ಜೈಲಿನಲ್ಲಿದ್ದು ಬಂದವರಂತೆ ಒಮ್ಮೆ ದೀರ್ಘ ಉಸಿರೆಳೆದು, ಸಾಲುಸಾಲಾಗಿ ಸೀನಿದರು. ಆಮೇಲೆ ಒಳಗೆ ಹೋದರು. ನಾನು ಗೋಡೆಗೆ ಆತು ಕಾಲು ಚಾಚಿ ಕುಳಿತೆ.

ತಾಟು ಹಿಡಿದು ಬಂದರು. ಮುರಿದರೆ ಸದ್ದಾಗುವಂಥ ಕಟಕ ರೊಟ್ಟಿ, ಪುಂಡಿಸೊಪ್ಪಿನ ಹುಳಿಪಲ್ಯ, ಶೇಂಗಾವನ್ನು ದಪ್ಪದಪ್ಪಗೆ ಉಳಿಸಿ ಕುಟ್ಟಿದ ಹಸಿಖಾರ, ಪಕ್ಕದಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ. ನಡುಮನೆಯಲ್ಲಿ ನಿಂತು ತಾಟಿನ ಮೇಲೆ ಬಾಗಿ, ನನ್ನ ಪಾಲಿನದನ್ನೂ ಸೇರಿಸಿ, ನಿಧಾನವಾಗಿ ಮೂಸಿ ನೋಡಿದರು. ಪಂಚನಾಮೆಯನ್ನು ಬಸ್ಸಿಗೆ ಉಳಿಸಿಕೊಂಡವರಂತೆ ಬಗ್ಗಿ ತಾಟನ್ನು ನನ್ನ ಕೈಗೆ ಕೊಟ್ಟರು.